ನಮ್ಮ ಮನೆಯ ಲಿಂಕನ್

ಅಕ್ಟೋಬರ್ 3, 1997, ಶುಕ್ರವಾರ

ಈ ವರ್ಷ ದೋಹಾದ ನಮ್ಮ ಕನ್ನಡ ಸಂಘದ ತಾಳಮದ್ದಳೆಯಲ್ಲಿ ಇವರು ಅಬ್ರಹಾಂ ಲಿಂಕನ್. ತಮಾಷೆಯಲ್ಲ. ಇವತ್ತು ನಮ್ಮ ಹಾಲಿನಲ್ಲೇ ಕಮಿಟಿ ಮೀಟಿಂಗ್ ನಡೆಯಿತು, ಮೂರು ಸಲ ಚಹಾ ಮಾಡಿ, ಒಂದು ಬುಟ್ಟಿ ಗೋಳಿಬಜೆ ಕರಿದು ಕೊಟ್ಟವಳು ನಾನೇ. ನವೆಂಬರ್ 14ರ ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಇವರ ಕಂಪೆನಿಯ ದೊಡ್ಡ ಸಾಹೇಬ ವಿಲ್ಕಾಕ್ಸ್ ಬರುತ್ತಾನೆ. ಅವನು ಅಮೆರಿಕದವನು. ಪ್ರತಿವರ್ಷದ ಹಾಗೆ ಪುರಾಣ ಹಿಡಿದರೆ ಅವನು ನಿದ್ದೆ ಮಾಡುತ್ತಾನೆ, ಅವನ ದೇಶದ ಕಥೆಯನ್ನೇ ಕನ್ನಡದಲ್ಲಿ ಹೇಳಿದರೆ ಎದ್ದು ಕೂತುಕೊಳ್ಳುತ್ತಾನೆ, ಇದು ಇವರ ಲೆಕ್ಕಾಚಾರ. ಲಿಂಕನ್ ಮತ್ತು ಡಗ್ಲಾಸ್ ಎಂಬಿಬ್ಬರು 1858ರಲ್ಲಿ ಊರೂರು ತಿರುಗಿ, ಕರಿಯ ಜನರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ಸರಿಯೋ ತಪ್ಪೋ ಎಂದು ಜನರ ಎದುರು ವಾದ ಮಾಡಿದ್ದರಂತೆ. ವೇಷ ಬೇಡ, ಕುಣಿತ ಬೇಡ, ಇಬ್ಬರು ಕೂತು ಮಾತಾಡಿದರೆ ಆಯಿತು. ‘ಇದು ತಾಳಮದ್ದಳೆ ಅಲ್ಲದೆ ಮತ್ತೆಂತ?’ ಎಂದು ಇವರು ಕೇಳಿದಾಗ ಎಲ್ಲರೂ ಗೋಳಿಬಜೆ ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದರು.

ಡಗ್ಲಾಸನ ಅರ್ಥ, ಅಂದರೆ ಅವನ ಪಾತ್ರದ ಮಾತು, ಅಲೋಶಿಯಸ್‌ಗೆ. ಅವನು ಇವರ ಗೆಳೆಯ, ಗ್ಯಾಸ್ ಕಂಪೆನಿಯ ಸ್ಟೋರಿನಲ್ಲಿ ಇರುವವನು. ಆರಡಿ ಎತ್ತರ. ಇವರು ಐದಡಿ ಎರಡಿಂಚು. ನಿಜದ ಲಿಂಕನ್ ತಾಳೆಮರವಂತೆ, ಡಗ್ಲಾಸ್ ಕುಳ್ಳನಂತೆ. ‘ಕೂತರೆ ಎಲ್ಲರೂ ಒಂದೇ’ ಎಂದು ತುಕ್ರಣ್ಣ ಸಮಾಧಾನ ಹೇಳಿದರು. ತುಕ್ರಣ್ಣ ಹಗಲು ಕಂಪೆನಿ ಬಸ್ಸಿನ ಡ್ರೈವರ್, ಸಂಘದಲ್ಲಿ ನಮ್ಮ ಭಾಗವತರು. ಪದ್ಯ ಕಟ್ಟಿ ಹಾಡುವವರು ಅವರೇ.

ಗಂಡಸರು ಮಾತಿನಲ್ಲಿ ಅಮೆರಿಕದಲ್ಲಿದ್ದಾಗ ಅಡುಗೆಮನೆಯಲ್ಲಿ ಅಲೋಶಿಯಸ್‌ನ ಹೆಂಡತಿ ತೆರೆಜಾ ನನ್ನ ಕೈ ಹಿಡಿದುಕೊಂಡು ಒಂದು ವಿಷಯ ಹೇಳಿದಳು. ಅವಳು ನಮ್ಮ ಮಗಳ ಶಾಲೆಯ ಆಫೀಸಿನಲ್ಲಿ ಟೈಪಿಸ್ಟು. ಅಲ್ಲಿ ಲೆಕ್ಕ ಕಲಿಸುವ ಪರ್ಪೆಚುವಾ ಟೀಚರ್ ಕೆಲಸ ಬಿಟ್ಟು ಊರಿಗೆ ಹೋಗುತ್ತಿದ್ದಾರೆ. ನನ್ನ ಬಿಎಸ್ಸಿ, ಬಿಎಡ್ ವಿಚಾರ ತೆರೆಜಾ ಆಗಲೇ ಪ್ರಿನ್ಸಿಪಾಲರ ಕಿವಿಗೆ ಹಾಕಿದ್ದಾಳೆ. ಸೋಮವಾರ ಹೋಗಿ ಒಂದು ಪಾಠ ಮಾಡಿ ತೋರಿಸಬೇಕು. ನಾನು ಇಲ್ಲಿರುವುದು ಇವರ ವೀಸಾದ ನೆರಳಿನಲ್ಲಿ ಆದ್ದರಿಂದ, ‘ನನ್ನ ಹೆಂಡತಿ ಕೆಲಸ ಮಾಡಲು ನನ್ನ ಅಡ್ಡಿಯಿಲ್ಲ’ ಎಂದು ಇವರು ಒಂದು ಪತ್ರ ಬರೆದುಕೊಡಬೇಕು, ಅಷ್ಟೆ. ಅಡ್ಡಿ ಯಾಕೆ ಮಾಡುತ್ತಾರೆ? ಇವರು ಒಳ್ಳೆಯವರು.

ಅಕ್ಟೋಬರ್ 6, ಸೋಮವಾರ

ಪಾಠ ಚೆನ್ನಾಗಿ ಆಯಿತು. ಎಂಟು ವರ್ಷದ ಮೇಲೆ ಚಾಕ್‌ಪೀಸ್ ಹಿಡಿದದ್ದು. ಭಿನ್ನರಾಶಿ ಕಲಿಸಿದೆ. ಮೊದಲ ಎರಡು ನಿಮಿಷ ಗಡಿಯಾರ ನೋಡಿದೆ, ಆಮೇಲೆ ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಪ್ರಿನ್ಸಿಪಾಲರು ನವೆಂಬರ್ ಮೂರನೆಯ ವಾರದವರೆಗೆ ಕಾಯುತ್ತಾರಂತೆ. ಅಷ್ಟರಲ್ಲಿ ಗಂಡನ ಪತ್ರ ಬರದಿದ್ದರೆ ಒಬ್ಬ ಮಲಯಾಳಿ ಟೀಚರ್ ಸಾಲಿನಲ್ಲಿದ್ದಾಳೆ.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ‘ನೋಡುವ’ ಎಂದರು.

ಇವರ ‘ನೋಡುವ’ದಲ್ಲಿ ಮೂರು ಜಾತಿ ಉಂಟು. ಸಾರು ಬಡಿಸುವಾಗ ಹೇಳಿದರೆ ಆಗಬಹುದು ಎಂದರ್ಥ. ಮಜ್ಜಿಗೆ ಹೊತ್ತಿಗೆ ಹೇಳಿದರೆ ಮರೆತುಬಿಡು ಎಂದರ್ಥ. ಕೈ ತೊಳೆಯುವಾಗ ನಳ್ಳಿ ನೀರಿನ ಸದ್ದಿನಲ್ಲಿ ಹೇಳಿದರೆ, ಆ ವಿಷಯ ಇನ್ನೊಮ್ಮೆ ಎತ್ತಬೇಡ. ಇವತ್ತಿನದು ಮಜ್ಜಿಗೆಗೂ ನಳ್ಳಿಗೂ ಮಧ್ಯೆ ಬಂತು. ವಿಲ್ಕಾಕ್ಸ್ ಸಾಹೇಬ ದಿಂಬಿನಷ್ಟು ದಪ್ಪದ ಲಿಂಕನ್ ಪುಸ್ತಕ ಕೊಟ್ಟಿದ್ದಾನೆ, ಇವರ ತಲೆ ಅದರೊಳಗೆ ಇತ್ತು. ಪಾಪ, ಪ್ರಸಂಗ ಮುಗಿಯಲಿ.

ಅಕ್ಟೋಬರ್ 12, ಭಾನುವಾರ

ಲಿಂಕನ್‌ಗೆ ಗಡ್ಡ ಬರುತ್ತಿದೆ. ತಾಳಮದ್ದಳೆಗೆ ವೇಷ ಇಲ್ಲ, ಗಡ್ಡ ಯಾಕೆ ಎಂದು ಕೇಳಿದ್ದಕ್ಕೆ ‘ಪಾತ್ರ ಒಳಗಿಂದ ಬರಬೇಕು’ ಎಂದರು. ಒಳಗಿಂದ ಬಂದದ್ದು ಗಲ್ಲದ ಕೆಳಗೆ ಮಾತ್ರ, ಮೀಸೆ ಬೋಳಿಸಿದ್ದಾರೆ. ನಜ್ಮಾ ಪೇಟೆಯ ಕೆಫೆಟೇರಿಯಾದಲ್ಲಿ ನಮ್ಮೂರ ಕಡೆಯ ಬ್ಯಾರಿ ಯಾಕೂಬ್ ಮೀಸೆಯಿಲ್ಲದ ಗಡ್ಡ ನೋಡಿ, ಇವರು ತನ್ನ ಮತಕ್ಕೆ ಬಂದರೆಂದು ತಿಳಿದು, ಸ್ಟೂಲು ಒರೆಸಿ ಕೊಟ್ಟು, ‘ಸೋಮನಾಥಣ್ಣ, ಎಂತ ಒಳ್ಳೆಯ ದಾರಿ ಹಿಡಿದಿರಿ’ ಎಂದು ಗೌರವದಿಂದ ಹೇಳಿದನಂತೆ. ಚಹಾದ ದುಡ್ಡೂ ತಗೊಳ್ಳಲಿಲ್ಲವಂತೆ.

ಇವರು ಅರ್ಥವನ್ನೆಲ್ಲ ಬರೆದು ಬಾಯಿಪಾಠ ಮಾಡುತ್ತಿದ್ದಾರೆ. ನನ್ನ ಅಪ್ಪ ವಿಟ್ಲದ ಸುತ್ತಮುತ್ತ ನಲವತ್ತು ವರ್ಷ ಅರ್ಥ ಹೇಳಿದವರು, ಒಂದು ಸಾಲು ಬರೆದವರಲ್ಲ. ಬರೆದು ತಂದ ಅರ್ಥ ಬಾಡಿಗೆ ಕೋಟಿನ ಹಾಗೆ, ಕೈ ಎತ್ತಿದ ಕೂಡಲೇ ಕಂಕುಳಲ್ಲಿ ಹಿಡಿಯುತ್ತದೆ ಎನ್ನುತ್ತಿದ್ದರು. ಅದನ್ನು ಹೇಳಿದರೆ ಇವರಿಗೆ ಸಿಟ್ಟು. ಇರಲಿ. ದಿನಾ ಸಂಜೆ ಎದುರು ಕೂತು ಡಗ್ಲಾಸನ ಭಾಗ ಓದುವವಳು ನಾನು. ಇವರು ಸೋಫಾದ ಮೇಲೆ ಎರಡು ದಿಂಬು ಹಾಕಿ ಎತ್ತರ ಕೂರುತ್ತಾರೆ.

‘ಎಲೈ ಡಗ್ಲಾಸನೇ! ಮನುಷ್ಯನ ಮೇಲೆ ಮನುಷ್ಯನ ಯಜಮಾನಿಕೆ ಸಲ್ಲದು! ಸ್ವಾತಂತ್ರ್ಯವೆಂಬುದು ಗಾಳಿ, ಬೆಳಕು, ನೀರಿನ ಹಾಗೆ... ಚಂದ್ರಿಕಾ, ನೀರು.’

ಎದ್ದು ಹೋಗಿ ನೀರು ತಂದೆ. ಪತ್ರದ ವಿಷಯ ಕೇಳಿದೆ. ಆಫೀಸಿನ ಲೆಟರ್‌ಹೆಡ್ ಖಾಲಿಯಂತೆ. ಮನೆಯ ಪತ್ರಕ್ಕೆ ಆಫೀಸಿನ ಲೆಟರ್‌ಹೆಡ್ ಎಂತಕ್ಕೆ?

ಅಕ್ಟೋಬರ್ 20, ಸೋಮವಾರ

ಕುಕ್ಕರ್ ವಿಸಿಲ್ ಆಗುವವರೆಗೆ ಲಿಂಕನ್ ಪುಸ್ತಕ ತಿರುವುತ್ತೇನೆ. ಇವರು ವಾದದ ಅಧ್ಯಾಯದ ಮಧ್ಯಕ್ಕೆ ಗುರುತು ಇಟ್ಟು ನಿಲ್ಲಿಸಿದ್ದಾರೆ, ಮುಂದಿನದು ಗೊತ್ತು ಎಂಬ ಧೈರ್ಯ. ನಾನು ಮುಂದೆ ಹೋದೆ. ದೇವರೇ, ಮುಂದೆ ಎಂತೆಂತ ಉಂಟು!

ಮೊದಲನೆಯದು, ವಾದ ನಡೆದ ವರ್ಷ ಲಿಂಕನ್‌ಗೆ ಗಡ್ಡವೇ ಇರಲಿಲ್ಲ. ಎರಡು ವರ್ಷ ಕಳೆದು, ಅಧ್ಯಕ್ಷನಾದ ಸಮಯದಲ್ಲಿ ಬಿಟ್ಟದ್ದು.

ಎರಡನೆಯದು, ಒಂದು ಊರಿನಲ್ಲಿ ಲಿಂಕನ್ ಎದ್ದು ನಿಂತು, ಕರಿಯರಿಗೂ ಬಿಳಿಯರಿಗೂ ಸರಿಸಮ ಸ್ಥಾನ ಕೊಡಿ ಎಂದು ನಾನು ಹೇಳುವುದಿಲ್ಲ ಎಂದು ಹೇಳಿಬಿಟ್ಟಿದ್ದಾನೆ. ಅಷ್ಟು ದೊಡ್ಡ ಮನುಷ್ಯ! ಇವರು ಆ ಪುಟಕ್ಕೆ ಹೋಗಿಯೇ ಇಲ್ಲ.

ಮೂರನೆಯದು ಎಲ್ಲದಕ್ಕಿಂತ ದೊಡ್ಡದು. ಅಷ್ಟೆಲ್ಲ ವಾದ ಮಾಡಿ ಆ ಸಲ ಲಿಂಕನ್ ಸೋತ! ವಾದ ನಡೆದದ್ದೇ ಸೆನೆಟಿನ ಚುನಾವಣೆಗಂತೆ, ಆ ಸೀಟು ಡಗ್ಲಾಸನಿಗೆ ಹೋಯಿತು. ಇಲ್ಲಿ ನೋಡಿದರೆ ತುಕ್ರಣ್ಣ ಲಿಂಕನ್ ವಿಜಯದ ಮಂಗಳಪದ್ಯ ಕಟ್ಟಿ ಬಸ್ಸು ಓಡಿಸುತ್ತಾ ಗುನುಗುತ್ತಿದ್ದಾರೆ. ಪ್ರಸಂಗದಲ್ಲಿ ಯಾರು ಗೆಲ್ಲುತ್ತಾರೆಂದು ನೋಡದೆ ಪ್ರಸಂಗ ಆರಿಸಿದ ಸಂಘ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು.

ಅಕ್ಟೋಬರ್ 21, ಮಂಗಳವಾರ

ಹೇಳಲು ಹೊರಟೆ. ‘ನಿಮ್ಮ ಲಿಂಕನ್ ಕೊನೆಗೆ...’ ಎನ್ನುವಾಗ ಇವರು ಕೈ ಎತ್ತಿ, ‘ನಡುವೆ ಬಾಯಿ ಹಾಕಬೇಡ, ಸಾಲು ತಪ್ಪುತ್ತದೆ’ ಎಂದರು. ಸರಿ.

ಅಕ್ಟೋಬರ್ 29, ಬುಧವಾರ

ಲೆಟರ್‌ಹೆಡ್ ಬಂತು. ಈಗ ಪತ್ರ ಅರಬ್ಬಿಯಲ್ಲಿ ಟೈಪಾಗಬೇಕಂತೆ, ಟೈಪ್ ಮಾಡುವ ಸುಡಾನಿ ರಜೆಯಲ್ಲಿದ್ದಾನಂತೆ. ಇಂಗ್ಲಿಷಿನಲ್ಲಿ ಸಾಕು ಎಂದು ತೆರೆಜಾ ಫೋನಿನಲ್ಲಿ ಹೇಳಿದಳು. ಹಾಗಾದರೆ ಒಳ್ಳೆಯ ಇಂಗ್ಲಿಷಿನಲ್ಲಿ ಬರೆಯಬೇಕು, ಸಮಯ ಬೇಕು ಎಂದರು. ಗುಲಾಮರ ಬಿಡುಗಡೆಯ ಪತ್ರ ಬರೆಯಲು ಲಿಂಕನ್ ಕೂಡ ಇಷ್ಟು ನೆಪ ಹೇಳಿರಲಿಕ್ಕಿಲ್ಲ.

ಪುಸ್ತಕದಲ್ಲಿ ಲಿಂಕನ್‌ನ ಹೆಂಡತಿ ಮೇರಿ ವಿಪರೀತ ಕೋಪಿಷ್ಠೆ ಎಂದು ಬರೆದಿದ್ದಾರೆ. ಯಾಕೆ ಕೋಪ ಎಂದು ಒಬ್ಬರೂ ಕೇಳಿಲ್ಲ. ಮದುವೆಗೆ ಮೊದಲು ಡಗ್ಲಾಸನೂ ಅವಳ ಮನೆಗೆ ಬಂದುಹೋಗಿ ಮಾಡುತ್ತಿದ್ದನಂತೆ. ಅದನ್ನು ಓದಿ ನನಗೆ ಸ್ವಲ್ಪ ಖುಷಿಯಾಯಿತು, ಯಾಕೋ ಗೊತ್ತಿಲ್ಲ.

ಸಂಜೆ ಓದುವಾಗ ಡಗ್ಲಾಸನ ಮಾತಿಗೆ ನನ್ನದೂ ಎರಡು ಮಾತು ಸೇರಿತು. ‘ಎಲ್ಲೋ ದೂರದ ದಕ್ಷಿಣದಲ್ಲಿ ಸ್ವಾತಂತ್ರ್ಯ ಕೊಡಿಸಲು ಹೊರಟವನೇ, ನಿನ್ನ ಪೇಟೆಯಲ್ಲಿ ಏನು ನಡೆಯುತ್ತಿದೆ, ಕಂಡಿದ್ದೀಯಾ?’ ಎಂದೆ. ಇವರಿಗೆ ಮುಂದಿನ ಸಾಲು ಮರೆತುಹೋಯಿತು. ಕಾಗದ ಹುಡುಕಿದರು, ಸಿಗಲಿಲ್ಲ. ‘ಓದು ಅಂದರೆ ಓದಬೇಕು. ಅರ್ಥ ಹೇಳಲಿಕ್ಕೆ ನಿನಗೆ ಯಾರು ಹೇಳಿದ್ದು?’ ಎಂದು ರೇಗಿದರು. ದಿಂಬು ಒಂದು ಕೆಳಗೆ ಬಿತ್ತು, ಎತ್ತಿಕೊಡಲಿಲ್ಲ.

ನವೆಂಬರ್ 5, ಬುಧವಾರ

ಇವತ್ತು ನೇರವಾಗಿ ಕೇಳಿದೆ, ಬರೆದುಕೊಡುತ್ತೀರೋ ಇಲ್ಲವೋ ಎಂದು. ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದೆ. ಮಗಳ ಶಾಲೆಯೇ, ಅವಳ ಜೊತೆ ಹೋಗಿ ಅವಳ ಜೊತೆ ಬರುತ್ತೇನೆ, ಮಧ್ಯಾಹ್ನದ ಊಟ ಬೆಳಿಗ್ಗೆಯೇ ಮಾಡಿಡುತ್ತೇನೆ ಎಂದೆಲ್ಲ ಹೇಳಿದೆ. ಇವರು ತಟ್ಟೆ ನೋಡಿಕೊಂಡೇ ಕೂತಿದ್ದರು.

‘ನಾನು ದುಡಿಯುವುದು ಸಾಲದಾ ನಿನಗೆ?’

ದುಡ್ಡಿನ ಮಾತೇ ಅಲ್ಲ ಎಂದೆ. ಮತ್ತೆ ಯಾವ ಮಾತು ಎಂದು ಕೇಳಿದರು. ಬೆಳಿಗ್ಗೆ ಇವರೂ ಮಗಳೂ ಹೋದ ಮೇಲೆ ಎಸಿಯ ಸದ್ದು ಬಿಟ್ಟರೆ ಮನೆಯಲ್ಲಿ ಬೇರೇನೂ ಇರುವುದಿಲ್ಲ, ಅವತ್ತು ಭಿನ್ನರಾಶಿ ಕಲಿಸುವಾಗ ನನಗೆ ನಾನು ಸಿಕ್ಕಿದ ಹಾಗೆ ಆಯಿತು, ಇದನ್ನು ಹೇಗೆ ಹೇಳುವುದು? ಕಾವಲಿಯ ದೋಸೆ ಕರಟಿತು. ಇವರು ಕರಟಿದ್ದನ್ನೇ ಹಾಕಿಸಿಕೊಂಡು ತಿಂದು ಹೋದರು. ಅದು ಸಂಧಾನವೋ ಮೊಂಡುತನವೋ ತಿಳಿಯಲಿಲ್ಲ.

ಇವತ್ತು ನನಗೆ ಸಿಟ್ಟು ಬಂದಿದೆ. ಬರೆದರೂ ಇಳಿಯುತ್ತಿಲ್ಲ.

ನವೆಂಬರ್ 11, ಮಂಗಳವಾರ

ಗೌಜಿಯೋ ಗೌಜಿ. ಅಲೋಶಿಯಸ್‌ನನ್ನು ಕಂಪೆನಿಯವರು ಊರಾಚೆ ರಾಸ್ ಲಫಾನ್‌ನ ಗ್ಯಾಸ್ ಸ್ಥಾವರಕ್ಕೆ ಎರಡು ವಾರದ ಶಿಫ್ಟಿಗೆ ಹಾಕಿದ್ದಾರೆ. ಅಲ್ಲಿನ ಗೇಟು ದಾಟಿ ಒಳಹೋದವನು ಶಿಫ್ಟು ಮುಗಿಯದೆ ಹೊರಗೆ ಬರುವ ಹಾಗಿಲ್ಲ. ಕಾರ್ಯಕ್ರಮ ಈ ಶುಕ್ರವಾರ, ಡಗ್ಲಾಸ್ ಇಲ್ಲ. ಕಮಿಟಿಯವರು ಪುನಃ ನಮ್ಮ ಹಾಲಿನಲ್ಲಿ ತಲೆಗೆ ಕೈಹೊತ್ತು ಕೂತರು. ಈ ಸಲ ಗೋಳಿಬಜೆ ಮಾಡಲಿಲ್ಲ, ಬಿಸ್ಕೆಟ್ ಇಟ್ಟೆ.

ಆಗ ತುಕ್ರಣ್ಣ ಬಾಯಿ ತೆರೆದರು. ‘ಚಂದ್ರಿಕಕ್ಕ ಉಂಟಲ್ಲ. ಒಂದು ತಿಂಗಳಿಂದ ಡಗ್ಲಾಸನನ್ನು ಓದ್ತಾ ಇದ್ದಾರೆ. ಮತ್ತೆ ಅವರು ಯಾರ ಮಗಳು ಅಂತ ನಾನು ಹೇಳ್ಬೇಕಾ?’

ಹೆಂಗಸು ಡಗ್ಲಾಸನಾಗುವುದು ಹೇಗೆ ಎಂದು ಒಬ್ಬರು ತಕರಾರು ತೆಗೆದರು. ನೀವು ಮೀಸೆ ಇಟ್ಟುಕೊಂಡು ಹೋದ ವರ್ಷ ರಾಣಿಯ ಅರ್ಥ ಹೇಳಿ ಅತ್ತಿರಲ್ಲ, ಆಗ ಯಾರಾದರೂ ಕೇಳಿದರಾ ಎಂದು ತುಕ್ರಣ್ಣ ತಿರುಗಿ ಕೇಳಿದರು. ಅಲ್ಲಿಗೆ ಖಲಾಸ್. ಎಲ್ಲರೂ ಇವರ ಮುಖ ನೋಡಿದರು. ಇವರು ಗಡ್ಡ ನೀವಿಕೊಂಡು, ‘ಕಾಗದ ನೋಡಿ ಓದಲಿ, ನಾನು ಸುಧಾರಿಸುತ್ತೇನೆ’ ಎಂದರು.

ಅಂದರೆ ಸಭೆಯಲ್ಲಿ ಮಾತಾಡಲು ನನಗೆ ಅಡ್ಡಿಯಿಲ್ಲ, ಶಾಲೆಯಲ್ಲಿ ಮಾತಾಡಲು ಉಂಟು. ನನ್ನ ರಜೆಯ ಶುಕ್ರವಾರ ಸಂಘದ್ದು, ಶಾಲೆ ಇರುವ ಶನಿವಾರದಿಂದ ಬುಧವಾರ ಇವರದ್ದು.

ನವೆಂಬರ್ 13, ಗುರುವಾರ

ಡಗ್ಲಾಸನ ಪಕ್ಷ ಹಿಡಿದು ಗುಲಾಮಗಿರಿ ಸರಿ ಎಂದು ನನ್ನ ಬಾಯಿಂದ ಹೇಳುವುದು ಹೇಗೆ? ಪಾಪ ಅದು. ತಪ್ಪು ಪಕ್ಷ ಬಂದಾಗ ತಪ್ಪನ್ನು ಹೊಗಳಬೇಡ, ಎದುರಿನವನಿಗೆ ಸರಿಯಾದ ಪ್ರಶ್ನೆ ಹಾಕು ಎಂದು ಅಪ್ಪ ಹೇಳುತ್ತಿದ್ದರು. ಹಾಗೆಯೇ ಮಾಡುವುದು.

ಅಲೋಶಿಯಸ್ ರಾಸ್ ಲಫಾನ್‌ನಿಂದ ಫೋನ್ ಮಾಡಿ ಶುಭ ಹೇಳಿದ. ಲಿಂಕನ್‌ನ ಆ ಪ್ರಸಿದ್ಧ ಮಾತಿದೆಯಲ್ಲ, ಒಡೆದ ಮನೆ ನಿಲ್ಲುವುದಿಲ್ಲ ಎಂಬುದು, ಅದು ಅವನ ಸ್ವಂತದ್ದಲ್ಲ, ಬೈಬಲಿನದ್ದು ಎಂದು ತಿಳಿಸಿದ. ‘ಸೋಮನಾಥ ಅದನ್ನು ಖಂಡಿತ ಹೇಳ್ತಾನೆ, ನೀವು ಅಲ್ಲಿಯೇ ಹಿಡಿಯಿರಿ’ ಎಂದ. ಗೆಳೆಯನಂತೆ ಗೆಳೆಯ!

ನಾಳೆ ಮುಗಿದರೆ ಸಾಕು. ಶಾಲೆಯವರು ಕಾಯುವುದು ಇನ್ನು ಒಂದು ವಾರ ಮಾತ್ರ.

ನವೆಂಬರ್ 15, ಶನಿವಾರ

ನಿನ್ನೆಯದನ್ನು ಮೊದಲಿನಿಂದ ಬರೆಯುತ್ತೇನೆ.

ಸಭಾಂಗಣ ತುಂಬಿತ್ತು. ವಿಲ್ಕಾಕ್ಸ್ ಸಾಹೇಬ ಮೊದಲ ಸಾಲಿನಲ್ಲಿ, ಅವನ ಪಕ್ಕದಲ್ಲಿ ತರ್ಜುಮೆ ಮಾಡಲು ತೆರೆಜಾ. ಇವರು ಕಪ್ಪು ಕೋಟು, ಗಡ್ಡ, ಕುರ್ಚಿಯ ಮೇಲೆ ಎರಡು ದಿಂಬು. ನಾನು ಹಸಿರು ಮೈಸೂರು ಸಿಲ್ಕ್. ಕಾಗದ ಕೈಯಲ್ಲಿತ್ತು. ತುಕ್ರಣ್ಣ ಜಾಗಟೆ ತಟ್ಟಿ ತ್ರಿವುಡೆ ತಾಳದಲ್ಲಿ ಪದ್ಯ ಎತ್ತಿದರು:

ಕೇಳೆಲವೊ ಡಗ್ಲಾಸ ಸೀಳಿದ
ಆಲಯವು ತಾ ನಿಲ್ಲಲಾಪುದೆ

ಇವರು ಶುರುಮಾಡಿದರು. ಚೆನ್ನಾಗಿಯೇ ಹೇಳಿದರು, ಸುಳ್ಳು ಹೇಳಬಾರದು. ಗಾಳಿ, ಬೆಳಕು, ನೀರು ಎಲ್ಲ ಬಂತು. ‘ಇಬ್ಭಾಗವಾದ ಮನೆ ನಿಲ್ಲಲಾರದು, ಅರ್ಧ ಸ್ವತಂತ್ರ, ಅರ್ಧ ಪರತಂತ್ರವಾಗಿ ಈ ನಾಡು ಬಾಳಲಾರದು’ ಎಂದು ಮುಗಿಸಿದಾಗ ಚಪ್ಪಾಳೆ ಬಿತ್ತು. ನಾನು ಕಾಗದ ಮಡಚಿ ತೊಡೆಯ ಕೆಳಗೆ ಇಟ್ಟೆ. ಯಾಕೆ ಇಟ್ಟೆ ಗೊತ್ತಿಲ್ಲ, ಕೈ ತಾನಾಗಿ ಮಡಚಿತು.

‘ಎಲವೋ ಲಿಂಕನ್’ ಎಂದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಇವರನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ‘ಒಡೆದ ಮನೆ ಎಂದೆ. ಆ ಮಾತು ನಿನ್ನದಲ್ಲ, ಬೈಬಲಿನದ್ದು. ಇರಲಿ, ಸಾಲ ತಂದ ಮಾತಾದರೂ ಬೆಲೆ ಕಡಿಮೆಯಾಗದು. ಆದರೆ ಯಾವ ಮನೆಯನ್ನು ಹೇಳಿದೆ? ದೂರದ ಮನೆಯನ್ನೋ, ನಿನ್ನ ಮನೆಯನ್ನೋ? ನಿನ್ನ ಛಾವಣಿಯ ಕೆಳಗೆ ಒಂದು ಜೀವವಿದೆ. ಕಲಿತ ವಿದ್ಯೆಯಿದೆ, ದುಡಿಯುವ ಮನಸ್ಸಿದೆ. ಹೊಸಿಲು ದಾಟಬೇಕಾದರೆ ಮಾತ್ರ ನಿನ್ನದೊಂದು ಪತ್ರ ಬೇಕು. ಆ ಪತ್ರ ತಿಂಗಳಿಂದ ನಿನ್ನ ಲೇಖನಿಯೊಳಗೇ ಕೂತಿದೆ. ದಕ್ಷಿಣದವರ ಕಾಲಿಗಿರುವುದು ಉಕ್ಕಿನ ಸಂಕೋಲೆ. ಅದರ ಎದುರು ನಾನು ಹೇಳುವುದು ಬರೀ ನೂಲು. ನೂಲನ್ನೇ ಬಿಚ್ಚಲಾರದವನು ಉಕ್ಕನ್ನು ಬಿಚ್ಚುತ್ತೇನೆಂದರೆ ನಂಬುವುದು ಹೇಗೆ? ಉತ್ತರಿಸು.’

ಸಭೆಯವರೆಲ್ಲ ಇವರ ಕಡೆ ತಿರುಗಿದರು. ದೋಹಾದ ಕನ್ನಡಿಗರಿಗೆಲ್ಲ ನನ್ನ ಪತ್ರದ ಕಥೆ ತೆರೆಜಾಳ ದಯೆಯಿಂದ ಮೊದಲೇ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು. ಇವರು ಕೋಟಿನ ಜೇಬು ತಡಕಿದರು. ಬಾಯಿಪಾಠ ಮಾಡಿದ ಯಾವ ಸಾಲೂ ಇದಕ್ಕೆ ಹೊಂದುತ್ತಿರಲಿಲ್ಲ. ಅರ್ಥ ಹೇಳುವವನಿಗೆ ಮಾತು ಕಟ್ಟಿದರೆ ಭಾಗವತರು ಮುಂದಿನ ಪದ್ಯ ಎತ್ತಿ ಕಾಪಾಡುವುದು ಕ್ರಮ. ಇವರು ತುಕ್ರಣ್ಣನ ಕಡೆ ಕಣ್ಣಲ್ಲೇ ಬೇಡಿದರು. ತುಕ್ರಣ್ಣ ಜಾಗಟೆಯನ್ನು ಮಡಿಲಲ್ಲಿಟ್ಟು ಸೊಂಟದಿಂದ ಟವೆಲು ತೆಗೆದು ನಿಧಾನವಾಗಿ ಮುಖ ಒರೆಸಿಕೊಳ್ಳುತ್ತಿದ್ದರು.

ಹೀಗೆ ಮಾಡಬಾರದಿತ್ತು, ನಾಲ್ಕು ಜನರ ಎದುರು, ಅದೂ ಸಾಹೇಬನ ಎದುರು. ಕಾಗದ ಹೊರತೆಗೆದು ಓದಿಬಿಡಲೇ ಎಂದುಕೊಂಡೆ. ಅಷ್ಟರಲ್ಲಿ ಇವರು ದಿಂಬಿನ ಮೇಲಿಂದ ಕೆಳಗಿಳಿದು, ಬರಿಯ ಕುರ್ಚಿಯ ಮೇಲೆ ಕೂತು, ಬೇರೆಯೇ ಧ್ವನಿಯಲ್ಲಿ ಮಾತಾಡಿದರು.

‘ಡಗ್ಲಾಸ, ಉಕ್ಕನ್ನು ಬಿಚ್ಚಿ ಎನ್ನುವುದು ಸುಲಭ. ಅದು ಇನ್ನೊಬ್ಬನ ಮನೆಯದ್ದು. ನೂಲು ನನ್ನ ಮನೆಯದ್ದು. ಅದರ ಒಂದು ತುದಿ ಆ ಜೀವದ ಕಾಲಿಗಿದ್ದರೆ ಇನ್ನೊಂದು ನನ್ನ ಸೊಂಟಕ್ಕಿದೆ. ಬಿಚ್ಚಿದರೆ ಅವಳು ನಡೆದು ಹೋಗುತ್ತಾಳೆ, ಬೀಳುವವನು ನಾನು, ಇದು ನನ್ನ ಹೆದರಿಕೆ. ಮರುಭೂಮಿಯಂಥ ಊರು ಇದು. ಸಂಜೆ ಬರುವಾಗ ಬಾಗಿಲು ತೆರೆಯುವವರು ಇದ್ದಾರೆ ಎಂಬ ಒಂದೇ ಧೈರ್ಯದ ಮೇಲೆ ನಾನು ಹಗಲಿಡೀ ಸಾಹೇಬರ ಹತ್ತಿರ ಬೈಸಿಕೊಂಡು ಇರುತ್ತೇನೆ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನೀನು ಕೇಳಿದೆ, ನಾನು ಹೇಳಿದೆ. ನಾನು ಮಾಡಿದ್ದು ತಪ್ಪು. ನೂಲು ಬಿಚ್ಚುತ್ತೇನೆ.’

ನನ್ನ ಕಣ್ಣು ಮಂಜಾಯಿತು. ಅಪ್ಪ ಇದ್ದಿದ್ದರೆ ಎದ್ದು ನಿಂತು ಶಹಬ್ಬಾಸ್ ಎನ್ನುತ್ತಿದ್ದರು. ಬರೆಯದ ಅರ್ಥ, ಬಾಡಿಗೆ ಕೋಟಲ್ಲ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ತೆರೆಜಾ ಅಳುತ್ತಾ ತರ್ಜುಮೆ ಮಾಡುತ್ತಿದ್ದಳು, ಸಾಹೇಬನಿಗೆ ಎಷ್ಟು ತಲುಪಿತೋ.

‘ವಾದದಲ್ಲಿ ನೀನು ಗೆದ್ದೆ’ ಎಂದು ಒಪ್ಪಿಕೊಂಡೆ. ತುಕ್ರಣ್ಣ ಗಡಬಡಿಸಿ ಲಿಂಕನ್ ವಿಜಯದ ಮಂಗಳಪದ್ಯಕ್ಕೆ ಶ್ರುತಿ ಹಿಡಿದರು. ಆಗ ಇನ್ನು ತಡೆದರೆ ಆಗದು ಎಂದು, ‘ಭಾಗವತರೇ, ತಾಳಿ’ ಎಂದೆ. ‘ವಾದ ಅವನದ್ದು. ಆದರೆ ಈ ಪ್ರಸಂಗದಲ್ಲಿ ಸೀಟು ಡಗ್ಲಾಸನದ್ದು. ಪುಸ್ತಕ ಪೂರ್ತಿ ಓದಿ.’

ತುಕ್ರಣ್ಣನ ಕೈಯ ಕೋಲು ಗಾಳಿಯಲ್ಲೇ ನಿಂತಿತು. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ತೆರೆಜಾ ತರ್ಜುಮೆ ಮಾಡಿದ ಕೂಡಲೇ ವಿಲ್ಕಾಕ್ಸ್ ಸಾಹೇಬ ತಲೆಯಾಡಿಸಿ, ಹೌದು ಹೌದು, ಆ ಸಲ ಲಿಂಕನ್ ಸೋತದ್ದು, ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು, ಜೊತೆಗೆ ಆಗ ಅವನಿಗೆ ಗಡ್ಡ ಇರಲಿಲ್ಲ ಎಂದ. ತೆರೆಜಾ ಅದನ್ನೂ ಮೈಕಿನಲ್ಲಿ ಕನ್ನಡ ಮಾಡಿಬಿಟ್ಟಳು.

ನವೆಂಬರ್ 16, ಭಾನುವಾರ

ಲಿಂಕನ್ ಗಡ್ಡ ತೆಗೆದಿದ್ದಾರೆ. ಪತ್ರ ಕೇಳಿದೆ.

‘ಅದು ತಾಳಮದ್ದಳೆಯಲ್ಲಿ ಹೇಳಿದ್ದು ಮಾರಾಯ್ತಿ. ಅರ್ಥದ ಮಾತು ಬೇರೆ, ಮನೆಯ ಮಾತು ಬೇರೆ.’

ನಾನು ವಾದ ಮಾಡುವ ಅಗತ್ಯ ಬರಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಒಬ್ಬರಾದ ಮೇಲೆ ಒಬ್ಬರು, ಎಲ್ಲರೂ ಇವರಿಗೆ ಅಭಿನಂದನೆ. ಹೆಂಡತಿಯನ್ನು ಕೆಲಸಕ್ಕೆ ಕಳಿಸುವ ಮಾತನ್ನು ಸಭೆಯಲ್ಲಿ ಹೇಳಲು ಎಷ್ಟು ದೊಡ್ಡ ಮನಸ್ಸು ಬೇಕು, ನಿಮ್ಮಂಥವರು ಸಾವಿರಕ್ಕೊಬ್ಬರು! ಆಫೀಸಿನಲ್ಲಿ ವಿಲ್ಕಾಕ್ಸ್ ಸಾಹೇಬ ತನ್ನ ರೂಮಿನಿಂದ ಹೊರಗೆ ಬಂದು ಕೈ ಕುಲುಕಿದನಂತೆ. ಯಾಕೂಬ್ ಕೆಫೆಟೇರಿಯಾದಲ್ಲಿ ಮತ್ತೆ ದುಡ್ಡು ತಗೊಳ್ಳಲಿಲ್ಲವಂತೆ, ಗಡ್ಡ ಇಲ್ಲದಿದ್ದರೂ.

ತಿಂಗಳಿಡೀ ಬೇಡಿದವಳು ನಾನು, ದೊಡ್ಡ ಮನಸ್ಸಿನವರು ಇವರು. ಇರಲಿ ಬಿಡಿ, ತೇರು ಎಳೆದವರ ಹೆಸರು ಯಾರು ಕೇಳುತ್ತಾರೆ? ನನಗೆ ಸೀಟು ಸಿಕ್ಕಿದರೆ ಸಾಕು, ಕೀರ್ತಿ ಲಿಂಕನ್ ಇಟ್ಟುಕೊಳ್ಳಲಿ.

ನವೆಂಬರ್ 17, ಸೋಮವಾರ

ಎಂಟನೆಯ ಫೋನಿನ ಮೇಲೆ ಸೋಮನಾಥ ಪತ್ರ ಬರೆದರು. ಲೆಟರ್‌ಹೆಡ್ ಬೇಕಾಗಲಿಲ್ಲ, ಅರಬ್ಬಿಯೂ ಬೇಕಾಗಲಿಲ್ಲ. ಇಂಗ್ಲಿಷಿನಲ್ಲಿ ಎರಡು ಕಡೆ ತಪ್ಪಿತ್ತು, ತಿದ್ದಿ ಪುನಃ ಬರೆಸಿದೆ. ಸಹಿ ಮಾಡುವಾಗ ಒಂದು ಕ್ಷಣ ಪ್ರಾಮಾಣಿಕವಾಗಿ ಕೇಳಿದರು, ‘ಸಂಜೆ ನಾನು ಬರುವ ಹೊತ್ತಿಗೆ ನೀನು ಇರ್ತೀಯಲ್ಲ?’

ಇರುತ್ತೇನೆ ಎಂದೆ. ಅವರಿಗಿಂತ ನಾಲ್ಕು ಗಂಟೆ ಮೊದಲೇ ಬಂದಿರುತ್ತೇನೆ. ಒಂದು ತಿಂಗಳಿಂದ ಇದನ್ನೇ ಹೇಳುತ್ತಿದ್ದೆ.

ನವೆಂಬರ್ 18, ಮಂಗಳವಾರ

ಪತ್ರ ಕೊಟ್ಟರೆ ಸಾಲದು, ಬರೆದ ಗಂಡ ಖುದ್ದು ಬಂದು ಪ್ರಿನ್ಸಿಪಾಲರ ಎದುರು ಹೌದು ಎನ್ನಬೇಕು ಎಂಬುದು ಶಾಲೆಯ ನಿಯಮ. ಸೋಮನಾಥ ಅರ್ಧ ದಿನ ರಜೆ ಹಾಕಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಅದೇ ಕಪ್ಪು ಕೋಟು. ಪ್ರಿನ್ಸಿಪಾಲರು ಕುಳಿತುಕೊಳ್ಳಲು ಹೇಳಿ, ‘ನಿಮ್ಮದು ಅಡ್ಡಿಯಿಲ್ಲ ತಾನೆ?’ ಎಂದು ಸುಮ್ಮನೆ ಶಾಸ್ತ್ರಕ್ಕೆ ಕೇಳಿದರು. ಇಲ್ಲ ಎಂದರೆ ಮುಗಿಯುತ್ತಿತ್ತು.

ಸೋಮನಾಥ ಎದ್ದು ನಿಂತರು. ಕೋಟು ಸರಿಮಾಡಿಕೊಂಡು, ಮನುಷ್ಯನಿಗೆ ವಿದ್ಯೆ ಎಂಬುದು ದೇವರು ಕೊಟ್ಟದ್ದು, ಅದನ್ನು ಮನೆಯೊಳಗೆ ಕಟ್ಟಿಹಾಕಲು ಗಂಡನಿಗಾಗಲಿ ಸರಕಾರಕ್ಕಾಗಲಿ ಯಾವ ಅಧಿಕಾರ ಎಂದು ಶುರುಮಾಡಿದರು. ಇಂಗ್ಲಿಷ್, ಆದರೆ ರಾಗ ತಾಳಮದ್ದಳೆಯದ್ದು. ಬರೆದು ತಂದಿರಲಿಲ್ಲ, ಹೊಸತಾಗಿ ಬರುತ್ತಿತ್ತು. ಮಧ್ಯೆ ಅಮೆರಿಕವೂ ಬಂತು. ಪ್ರಿನ್ಸಿಪಾಲರು ಪೆನ್ನು ಹಿಡಿದುಕೊಂಡೇ ಕೂತರು. ತೆರೆಜಾ ಟೈಪ್‌ರೈಟರಿನ ಹಿಂದೆ ಮುಖ ಮುಚ್ಚಿಕೊಂಡಿದ್ದಳು.

ಗಂಟೆ ಹೊಡೆಯಿತು. ಪರ್ಪೆಚುವಾ ಟೀಚರ್ ಹೋಗಿ ಆಗಲೇ ಮೂರು ದಿನ, ನಾಲ್ಕು-ಬಿ ತರಗತಿಯ ಗಲಾಟೆ ಆಫೀಸಿನವರೆಗೆ ಕೇಳುತ್ತಿತ್ತು. ನಾನು ಮೇಜಿನ ಮೇಲಿದ್ದ ನೇಮಕದ ಕಾಗದಕ್ಕೆ ನನ್ನ ಸಹಿ ಹಾಕಿ, ಚಾಕ್‌ಪೀಸ್ ಡಬ್ಬಿ ತಗೊಂಡು ಎದ್ದು ಹೋದೆ. ಕಾರಿಡಾರಿನ ಕೊನೆಯವರೆಗೂ ಸೋಮನಾಥರ ಧ್ವನಿ ಬರುತ್ತಿತ್ತು. ತರಗತಿಯ ಬಾಗಿಲು ಹಾಕಿದ ಮೇಲೆ ಕೇಳಲಿಲ್ಲ.

ಪೀರಿಯಡ್ ಮುಗಿಸಿ ಹೊರಗೆ ಬಂದಾಗ ಅವರು ಬಾಗಿಲ ಪಕ್ಕದ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಿದ್ದರು. ಆಫೀಸಿಗೆ ಹೋಗಲು ಇನ್ನೂ ಸಮಯ ಉಂಟಂತೆ. ‘ಹೇಗಾಯ್ತು?’ ಎಂದು ಕೇಳಿ ನನ್ನ ಮುಖವನ್ನೇ ನೋಡುತ್ತಾ ಕೂತರು. ಹೇಳಲಿಕ್ಕೆ ತುಂಬ ಉಂಟು, ಸಂಜೆ ಹೇಳುತ್ತೇನೆ ಎಂದೆ. ಐದು-ಎ ಕಾಯುತ್ತಿತ್ತು.